ಹೀರೊಗೆ ಒಂದು ಗಾಯ ಬೇಕಾಗಿದೆ

ಗಾಂಧಿನಗರದಲ್ಲಿ ಈಗ ಗಾಯವಿಲ್ಲದ ಹೀರೊಗೆ ಕೆಲಸವಿಲ್ಲ. ಮೈಮೇಲಿನ ಗಾಯದ ಮಾತಲ್ಲ. ಅದನ್ನು ಫೈಟ್ ಮಾಸ್ಟರೂ ಮೇಕಪ್‌ನವರೂ ಸೇರಿ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಬೇಕಾಗಿರುವುದು ಮನಸ್ಸಿನ ಗಾಯ. ಅದು ಬಾಲ್ಯದಲ್ಲೇ ಆಗಿರಬೇಕು, ಮಳೆ ಸುರಿಯುವಾಗ ಆಗಿದ್ದರೆ ಇನ್ನೂ ಒಳ್ಳೆಯದು, ಇಂಟರ್‌ವಲ್ ಮುಗಿದ ಮೇಲೆ ಫ್ಲ್ಯಾಷ್‌ಬ್ಯಾಕಿನಲ್ಲಿ ತೋರಿಸಲು ಬರುವಂತಿರಬೇಕು.

ಹಿಂದೆ ಇಷ್ಟೆಲ್ಲ ರಗಳೆ ಇರಲಿಲ್ಲ. ತಾಯಿ ಹೊಲಿಗೆ ಮೆಷಿನ್ ತುಳಿದು ಮಗನನ್ನು ಸಾಕಿದಳು ಅಂದರೆ ಮುಗಿಯಿತು. ಅವನು ಯಾಕೆ ಒಳ್ಳೆಯವನು, ಯಾಕೆ ಮುಂಗೋಪಿ ಎಂದು ಬಾಲ್ಕನಿಯವರೂ ಕೇಳುತ್ತಿರಲಿಲ್ಲ, ಗಾಂಧಿ ಕ್ಲಾಸಿನವರೂ ಕೇಳುತ್ತಿರಲಿಲ್ಲ. ಈಗ ಎಲ್ಲರೂ ಕೇಳುತ್ತಾರೆ. ಓಟಿಟಿ ಕಂಪನಿಯವರು ‘ಪಾತ್ರಕ್ಕೆ ಡೆಪ್ತ್ ಸಾಲದು’ ಎಂದು ಸ್ಕ್ರಿಪ್ಟನ್ನು ವಾಪಸ್ ಕಳಿಸುತ್ತಾರೆ. ಹೀಗಾಗಿ ನಮ್ಮ ಚಿತ್ರಕಥೆಗಾರರು ಮನಃಶಾಸ್ತ್ರ ಓದಲು ಕೂತಿದ್ದಾರೆ. ಪೂರ್ತಿ ಅಲ್ಲ, ಕೆಲಸಕ್ಕೆ ಎಷ್ಟು ಬೇಕೋ ಅಷ್ಟು. ವೀಕೆಂಡ್ ವರ್ಕ್‌ಶಾಪಿನಲ್ಲಿ ಶನಿವಾರ ಫ್ರಾಯ್ಡ್, ಭಾನುವಾರ ಯೂಂಗ್, ನಡುವೆ ಊಟಕ್ಕೆ ಬಿಸಿಬೇಳೆಬಾತ್. ಸೋಮವಾರ ಬೆಳಿಗ್ಗೆ ಹೀರೊಗೆ ಚಿಕಿತ್ಸೆ ಶುರು.

ಇಂಥ ಒಂದು ಸ್ಟೋರಿ ಡಿಸ್ಕಷನ್ ಹೇಗಿರುತ್ತದೆ ನೋಡಿ. ಹೋಟೆಲ್ ರೂಮು. ಟೀಪಾಯಿಯ ಮೇಲೆ ಕೆನೆ ಕಟ್ಟಿದ ಕಾಫಿ, ಎಣ್ಣೆ ಹೀರಿಕೊಂಡ ಬೋಂಡದ ಪೊಟ್ಟಣ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ನಿರ್ಮಾಪಕರು. ಎದುರಿಗೆ ವರ್ಕ್‌ಶಾಪಿನಿಂದ ಹೊಸದಾಗಿ ಇಳಿದಿರುವ ಡೈರೆಕ್ಟರು.

“ಸಾರ್, ಹೀರೊ ಇಂಟ್ರೊಡಕ್ಷನ್ನು. ಮಾರ್ಕೆಟ್ಟು. ಹತ್ತು ಜನನ್ನ ಎತ್ತೆತ್ತಿ ಬಿಸಾಕ್ತಾನೆ.”

“ಸರಿ. ಯಾಕಂತೆ?”

“ಅದೇ ಸಾರ್ ನಮ್ ಡೆಪ್ತು. ಮೂರನೇ ಕ್ಲಾಸಲ್ಲಿದ್ದಾಗ ಅವರಪ್ಪ ಇವನನ್ನ ಸ್ಕೂಲಿಂದ ಕರ್ಕೊಂಡ್ ಬರೋದು ಮರ್ತುಬಿಟ್ಟಿರ್ತಾನೆ. ಕತ್ತಲಾಗೋವರೆಗೂ ಗೇಟ್ ಹತ್ರ ಒಬ್ನೇ ನಿಂತಿರ್ತಾನೆ. ಅವಾಯ್ಡೆಂಟ್ ಅಟ್ಯಾಚ್‌ಮೆಂಟ್ ಅಂತಾರೆ ಸಾರ್ ಇದಕ್ಕೆ.”

“ಅಲ್ಲಾ ಸ್ವಾಮಿ, ಸ್ಕೂಲಿಂದ ಕರ್ಕೊಂಡ್ ಬರ್ಲಿಲ್ಲ ಅಂತ ಮಾರ್ಕೆಟ್ಟಲ್ಲಿ ಹತ್ತು ಜನಕ್ಕೆ ಹೊಡೀತಾನಾ? ನಮ್ಮಪ್ಪ ನನ್ನ ಸ್ಕೂಲಿಗೇ ಕಳಿಸ್ಲಿಲ್ಲ. ನಾನ್ ಯಾರಿಗ್ರೀ ಹೊಡ್ದೆ?”

“ನೀವು ಪ್ರೊಡ್ಯೂಸರ್ ಆದ್ರಲ್ಲ ಸಾರ್.”

ಮೂಲೆಯಲ್ಲಿ ಕೂತಿದ್ದ ಅಸಿಸ್ಟೆಂಟಿಗೆ ಬೋಂಡ ನೆತ್ತಿಗೆ ಹತ್ತುತ್ತದೆ. ನಿರ್ಮಾಪಕರು ಅದನ್ನು ಗಮನಿಸದೆ ಮುಂದುವರಿಯುತ್ತಾರೆ.

“ಹೋಗ್ಲಿ, ಹೀರೊಯಿನ್ನು?”

“ಬಬ್ಲಿ ಸಾರ್.”

“ಅವಳಿಗೇನ್ ಗಾಯ?”

“ಅವಳಿಗ್ಯಾಕ್ ಸಾರ್? ಅವಳೇ ಇವನಿಗೆ ಮುಲಾಮು.”

“ವಿಲನ್ನು?”

“ಸೈಕೋ ಸಾರ್.”

“ಅವನನ್ನೂ ಸ್ಕೂಲ್ ಗೇಟ್ ಹತ್ರ ಬಿಟ್ಟಿದ್ರಾ?”

“ಇಲ್ಲ ಸಾರ್, ಅವನು ಸುಮ್ನೆ ಸೈಕೋ.”

ಈ ರೂಮಿನಲ್ಲಿ ಮನಃಶಾಸ್ತ್ರ ಓದದೇ ಇರುವ ಏಕೈಕ ವ್ಯಕ್ತಿ ನಿರ್ಮಾಪಕರು. ಮನುಷ್ಯರ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದವರೂ ಅವರೇ. ಶಾಲೆಯ ಗೇಟಿನ ಬಳಿ ಸಾವಿರಾರು ಮಕ್ಕಳು ಕಾದು ನಿಂತಿದ್ದಾರೆ. ಅವರಲ್ಲಿ ಒಬ್ಬ ಮೇಷ್ಟ್ರಾದ, ಒಬ್ಬ ಕೆಎಸ್‌ಆರ್‌ಟಿಸಿ ಕಂಡಕ್ಟರಾದ, ಇನ್ನೊಬ್ಬ ತನ್ನ ಮಗಳನ್ನು ಕರೆತರಲು ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುವ ಅಪ್ಪನಾದ. ಗಾಯ ಒಂದೇ, ಮನುಷ್ಯರು ಬೇರೆ ಬೇರೆ. ಆ ‘ಬೇರೆ’ ಎಂಬುದನ್ನು ಬರೆಯುವುದೇ ಚಿತ್ರಕಥೆಗಾರನ ಕಸುಬು. ಗಾಯದ ಹೆಸರನ್ನಷ್ಟೇ ಬರೆದಿಡುವುದಕ್ಕೆ ಆಸ್ಪತ್ರೆಯ ಓಪಿಡಿ ಚೀಟಿ ಸಾಕು.

ಡೈರೆಕ್ಟರು ಹೇಳಿದ ಆ ‘ಅವಾಯ್ಡೆಂಟ್’ ಪ್ರಕರಣವನ್ನೇ ತೆಗೆದುಕೊಳ್ಳೋಣ. ಜಾನ್ ಬೌಲ್ಬಿ ಎಂಬ ಬ್ರಿಟಿಷ್ ಮನೋವೈದ್ಯ ತಾಯಿ–ಮಗುವಿನ ನಂಟಿನ ಬಗ್ಗೆ ಸಿದ್ಧಾಂತ ಕಟ್ಟಿದ. ಮೇರಿ ಐನ್ಸ್‌ವರ್ತ್ ಅದನ್ನು ಅಮೆರಿಕದ ಬಾಲ್ಟಿಮೋರಿನಲ್ಲಿ ಪರೀಕ್ಷೆಗೆ ಒಡ್ಡಿದಳು. ಸುಮಾರು ಒಂದು ವರ್ಷದ ಮಗು, ಒಂದು ಅಪರಿಚಿತ ಕೋಣೆ, ನಾಲ್ಕಾರು ಆಟಿಕೆ. ತಾಯಿ ಎದ್ದು ಹೊರಗೆ ಹೋಗುತ್ತಾಳೆ, ಸ್ವಲ್ಪ ಹೊತ್ತಿಗೆ ಮರಳುತ್ತಾಳೆ. ತಾಯಿ ಹೋದಾಗ ಮಗು ಅಳುತ್ತದೆಯೋ ಇಲ್ಲವೋ ಎಂಬುದಕ್ಕಿಂತ ಅವಳು ಬಂದಾಗ ಅದು ಏನು ಮಾಡುತ್ತದೆ ಎಂಬುದರ ಮೇಲೇ ಐನ್ಸ್‌ವರ್ತ್‌ಳ ಕಣ್ಣು. ಕೆಲವು ಮಕ್ಕಳು ಓಡಿಬಂದು ತಬ್ಬಿಕೊಂಡವು. ಕೆಲವು ಎತ್ತಿಕೊಂಡರೂ ಸಿಟ್ಟಿನಿಂದ ಒದ್ದಾಡಿದವು. ಇನ್ನು ಕೆಲವು ಮಕ್ಕಳು ತಲೆಯನ್ನೇ ಎತ್ತಲಿಲ್ಲ. ತಾಯಿ ಬಂದದ್ದು ಗೊತ್ತೇ ಇಲ್ಲವೇನೋ ಎಂಬಂತೆ ಆಟಿಕೆ ಉರುಳಿಸುತ್ತಾ ಕೂತವು. ಇವೇ ಆ ‘ಅವಾಯ್ಡೆಂಟ್’ ಮಕ್ಕಳು. 1977ರಲ್ಲಿ ಬೇರೆ ಇಬ್ಬರು ಸಂಶೋಧಕರು ಇಂಥ ಮಕ್ಕಳ ಎದೆಬಡಿತ ಅಳೆದು ನೋಡಿದರೆ, ಮುಖದಲ್ಲಿ ಏನೂ ಇಲ್ಲ, ಎದೆ ಮಾತ್ರ ಡವಡವ.

ಚಿತ್ರಕಥೆ ಬರೆಯುವವನಿಗೆ ಇದಕ್ಕಿಂತ ದೊಡ್ಡ ನಿಧಿ ಬೇಕೇ? ಎದೆ ಹೊಡೆದುಕೊಳ್ಳುತ್ತಿರುವಾಗ ಆಟಿಕೆ ಉರುಳಿಸುವ ಮಗು ದೊಡ್ಡವನಾದ ಮೇಲೆ ಮಾರ್ಕೆಟ್ಟಿನಲ್ಲಿ ಯಾರನ್ನೂ ಎತ್ತಿ ಬಿಸಾಕುವುದಿಲ್ಲ. ಹನ್ನೆರಡು ವರ್ಷದ ಮೇಲೆ ಅಪ್ಪ ಬಾಗಿಲಿಗೆ ಬಂದು ನಿಂತಾಗ ಅವನು ಮೊಬೈಲಿನಿಂದ ತಲೆ ಎತ್ತದೆ “ಊಟ ಆಯ್ತಾ?” ಎನ್ನುತ್ತಾನೆ. ಅಪ್ಪ “ಆಯ್ತು” ಎನ್ನುತ್ತಾನೆ. ಇಬ್ಬರೂ ಹೇಳಿದ್ದು ಸುಳ್ಳು, ಇಬ್ಬರಿಗೂ ಗೊತ್ತು. ಸೀನ್ ಮುಗಿಯಿತು. ಕ್ರೇನ್ ಬೇಡ, ಮಳೆ ಯಂತ್ರ ಬೇಡ, ಫ್ಲ್ಯಾಷ್‌ಬ್ಯಾಕಿಗೆ ಹೀರೊನಂತೆ ಕಾಣುವ ಹುಡುಗನನ್ನು ಹುಡುಕುವ ಆಡಿಷನ್ನೂ ಬೇಡ. ಆದರೆ ಇದರಲ್ಲಿ ಶಿಳ್ಳೆ ಹೊಡೆಯಲು ಜಾಗವಿಲ್ಲವಾದ್ದರಿಂದ ಸಿದ್ಧಾಂತದ ಹೆಸರನ್ನು ಇಟ್ಟುಕೊಂಡು ಸಿದ್ಧಾಂತವನ್ನು ಹೊರಗೆ ಕಳಿಸಲಾಗುತ್ತದೆ.

ಉಳಿದ ಸಿದ್ಧಾಂತಗಳ ಪಾಡೂ ಇದೇ. ಫ್ರಾಯ್ಡ್ ಗಾಂಧಿನಗರಕ್ಕೆ ಬಂದ ದಿನವೇ ಅವನ ಈಡಿಪಸ್ ಕಾಂಪ್ಲೆಕ್ಸಿಗೆ ‘ಮದರ್ ಸೆಂಟಿಮೆಂಟ್’ ಎಂದು ನಾಮಕರಣ ಮಾಡಿ ತೊಟ್ಟಿಲಿಗೆ ಹಾಕಿದೆವು. ಯೂಂಗ್ ಹೇಳಿದ ‘ನೆರಳು’, ಅಂದರೆ ನಾವು ನಮ್ಮದಲ್ಲ ಎಂದು ತಳ್ಳಿಬಿಟ್ಟ ನಮ್ಮದೇ ಭಾಗ, ಇಲ್ಲಿ ಡಬಲ್ ಆ್ಯಕ್ಟಿಂಗ್ ಆಯಿತು: ಒಬ್ಬ ಮೀಸೆಯವನು, ಒಬ್ಬ ಮೀಸೆಯಿಲ್ಲದವನು. ಜೋಸೆಫ್ ಕ್ಯಾಂಪ್‌ಬೆಲ್ ನಮ್ಮ ಪುರಾಣಗಳನ್ನೂ ಸೇರಿಸಿ ಜಗತ್ತಿನ ಕಥೆಗಳನ್ನೆಲ್ಲ ಜಾಲಾಡಿ 1949ರಲ್ಲಿ ನಾಯಕನ ಯಾತ್ರೆಯ ಬಗ್ಗೆ ದಪ್ಪ ಪುಸ್ತಕ ಬರೆದ. 1985ರಲ್ಲಿ ಡಿಸ್ನಿ ಕಂಪನಿಯಲ್ಲಿದ್ದ ಕ್ರಿಸ್ಟೋಫರ್ ವೋಗ್ಲರ್ ಅದನ್ನು ಏಳು ಪುಟದ ಮೆಮೊ ಮಾಡಿ ಇಳಿಸಿದ. ನಮ್ಮ ವರ್ಕ್‌ಶಾಪಿನಲ್ಲಿ ಅದು ಒಂದು ಸ್ಲೈಡಾಗಿದೆ. ನಮ್ಮೂರಿನ ಹರಿಕಥೆ ಹಾಲಿವುಡ್ ಸುತ್ತಿ ಜಿಎಸ್‌ಟಿ ಸಮೇತ ಮನೆಗೆ ಮರಳಿದೆ.

ಮಾಸ್ಲೊ 1943ರಲ್ಲಿ ಮನುಷ್ಯನ ಅಗತ್ಯಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಪಿರಮಿಡ್ಡೇ ಇಲ್ಲ, ಅದನ್ನು ಆಮೇಲಿನವರು ಬರೆದು ಅವನ ಹೆಸರಿಗೆ ಹಚ್ಚಿದರು. ಆದರೆ ವರ್ಕ್‌ಶಾಪಿನಲ್ಲಿ ಮಾಸ್ಲೊ ಇಲ್ಲದಿದ್ದರೂ ನಡೆಯುತ್ತದೆ, ಪಿರಮಿಡ್ ಇಲ್ಲದೆ ನಡೆಯುವುದಿಲ್ಲ. ಇನ್ನು ಮನುಷ್ಯರನ್ನು ಹದಿನಾರು ಬಗೆಯಾಗಿ ವಿಂಗಡಿಸುವ ಮೈಯರ್ಸ್–ಬ್ರಿಗ್ಸ್ ಪರೀಕ್ಷೆ. ಅದನ್ನು ಕಟ್ಟಿದ ತಾಯಿ–ಮಗಳಿಬ್ಬರೂ ಮನಃಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. ಮಗಳು ಇಸಬೆಲ್ ಮೈಯರ್ಸ್ ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗಿಟ್ಟಿಸಿದಾಕೆ. ಅಂದರೆ ಒಬ್ಬ ಕಾದಂಬರಿಕಾರ್ತಿ ಹೊಸೆದ ಪಾತ್ರಗಳನ್ನು ನಾವು ವಿಜ್ಞಾನವೆಂದು ತಿಳಿದು, ಅದರಿಂದ ಮತ್ತೆ ಪಾತ್ರಗಳನ್ನು ಹೊಸೆಯುತ್ತಿದ್ದೇವೆ. ಇದರ ಜೊತೆಗೆ ಒಂಬತ್ತು ಬಗೆಯ ಎನಿಯಾಗ್ರಾಮ್ ಬೇರೆ. ಹದಿನಾರು ಗುಣ, ಒಂಬತ್ತು ಮನೆ. ಸಿನಿಮಾದ ಹೆಸರಿನಲ್ಲಿ ಎಷ್ಟು ಅಕ್ಷರ ಇರಬೇಕೆಂದು ಜ್ಯೋತಿಷಿಯನ್ನು ಕೇಳುವ ಉದ್ಯಮಕ್ಕೆ ಇದು ಹೊಸದೇನಲ್ಲ. ಹೀರೊನ ಜಾತಕ ಇಂಗ್ಲಿಷಿನಲ್ಲಿ ಬಂದಿದೆ, ಅಷ್ಟೆ.

ಸಿನಿಮಾಕ್ಕೂ ಮನೋವಿಶ್ಲೇಷಣೆಗೂ ನಂಟು ಇಂದಿನದಲ್ಲ ಎನ್ನುವುದು ನಿಜ. ಲ್ಯೂಮಿಯೆರ್ ಸಹೋದರರು ಪ್ಯಾರಿಸಿನಲ್ಲಿ ದುಡ್ಡು ತೆಗೆದುಕೊಂಡು ಚಿತ್ರ ತೋರಿಸಿದ್ದು 1895ರಲ್ಲಿ. ಫ್ರಾಯ್ಡ್ ಮತ್ತು ಬ್ರಾಯರ್ ಉನ್ಮಾದದ ಬಗ್ಗೆ ಪುಸ್ತಕ ಹೊರತಂದದ್ದೂ ಅದೇ ವರ್ಷ. ಆದರೆ ಇಬ್ಬರ ಸಂಬಂಧ ಮೊದಲಿನಿಂದಲೂ ಅಷ್ಟಕ್ಕಷ್ಟೇ. 1920ರ ದಶಕದ ನಡುವೆ ಹಾಲಿವುಡ್ಡಿನ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಒಂದು ಲಕ್ಷ ಡಾಲರ್ ಕೊಡುತ್ತೇನೆ, ಪ್ರೇಮಕಥೆಗಳಿಗೆ ಸಲಹೆ ಕೊಡಿ ಎಂದು ಫ್ರಾಯ್ಡ್‌ನ ಬೆನ್ನು ಬಿದ್ದ. ಫ್ರಾಯ್ಡ್ ಅವನನ್ನು ಭೇಟಿಯಾಗುವುದಕ್ಕೂ ಒಪ್ಪಲಿಲ್ಲ. ಪ್ರೊಡ್ಯೂಸರ್ ಜೊತೆ ಸ್ಟೋರಿ ಡಿಸ್ಕಷನ್ನಿಗೆ ಕೂರದೆ ಪಾರಾದ ಚರಿತ್ರೆಯ ಮೊದಲ ಲೇಖಕ ಅವನೇ ಇರಬೇಕು. ಮುಂದೆ ಜಾನ್ ಹ್ಯೂಸ್ಟನ್ ಅದೇ ಫ್ರಾಯ್ಡ್‌ನ ಬಗ್ಗೆ ಸಿನಿಮಾ ಮಾಡಹೊರಟು, ದಾರ್ಶನಿಕ ಸಾರ್ತ್ರ್‌ನ ಕೈಯಲ್ಲಿ ಚಿತ್ರಕಥೆ ಬರೆಸಿದ. ಉದ್ದವಾಯಿತು, ಮೊಟಕು ಮಾಡಿ ಎಂದರೆ ಸಾರ್ತ್ರ್ ಇನ್ನೂ ಉದ್ದದ್ದೊಂದನ್ನು ಕಳಿಸಿದ. ಕೊನೆಗೆ 1962ರಲ್ಲಿ ಚಿತ್ರ ಬಂದಾಗ ಅದರಲ್ಲಿ ಸಾರ್ತ್ರ್‌ನ ಹೆಸರೇ ಇರಲಿಲ್ಲ. ಸುಪ್ತಮನಸ್ಸಿಗೆ ಎರಡೂವರೆ ಗಂಟೆ ಸಾಲದು ಎಂಬುದು ಅಂದೇ ಗೊತ್ತಾಗಬೇಕಿತ್ತು.

ಹಿಚ್‌ಕಾಕ್‌ನ ‘ಸೈಕೋ’ 1960ರದು. ಕೊಲೆಗಾರ ನಾರ್ಮನ್ ಸಿಕ್ಕಿಬಿದ್ದ ಮೇಲೆ ಒಬ್ಬ ಮನೋವೈದ್ಯ ಎದ್ದು ನಿಂತು ತಾಯಿ ಹೇಗೆ, ಮಗ ಹೇಗೆ, ಯಾವ ಮನಸ್ಸು ಯಾವಾಗ ಮೇಲೆ ಬಂತು ಎಂದು ಎಳೆಎಳೆಯಾಗಿ ವಿವರಿಸುತ್ತಾನೆ. ಸಿನಿಮಾ ನೋಡಿದವರನ್ನು ಕೇಳಿ, ಆ ಭಾಷಣದ ಒಂದು ವಾಕ್ಯವೂ ಯಾರಿಗೂ ನೆನಪಿರುವುದಿಲ್ಲ. ನೆನಪಿರುವುದು ಅದರ ನಂತರದ ಶಾಟು: ಕಂಬಳಿ ಸುತ್ತಿಕೊಂಡು ಒಂಟಿಯಾಗಿ ಕೂತ ನಾರ್ಮನ್, ಅವನ ತಲೆಯೊಳಗೆ ತಾಯಿಯ ದನಿ, ಕೈಮೇಲೆ ಕೂತ ನೊಣ. ಅದನ್ನು ಅವನು ಹೊಡೆಯುವುದಿಲ್ಲ. ತಾನೆಷ್ಟು ಸಾಧು ಎಂದು ನೋಡುತ್ತಿರುವವರಿಗೆ ತೋರಿಸಬೇಕಲ್ಲ! ವೈದ್ಯ ಬಿಡಿಸಿ ಮೇಜಿನ ಮೇಲಿಟ್ಟ ಗಂಟನ್ನು ನೊಣವೊಂದು ಮತ್ತೆ ಬಿಗಿಯುತ್ತದೆ. ‘ಸಿಟಿಜನ್ ಕೇನ್’ನಲ್ಲಿ ಬಾಲ್ಯದ ಹಿಮಬಂಡಿಯೇ ಇಡೀ ಬದುಕಿನ ಬೀಗದಕೈ ಎಂಬಂತೆ ಬರುತ್ತದೆ. ಆ ಉಪಾಯವನ್ನು ಅಗ್ಗದ ಫ್ರಾಯ್ಡ್ ಎಂದು ಆಮೇಲೆ ಜರೆದವನು ಬೇರೆ ಯಾರೂ ಅಲ್ಲ, ಅದನ್ನು ತೆಗೆದ ಆರ್ಸನ್ ವೆಲ್ಸ್.

ನಮ್ಮಲ್ಲಿ ಮನೋವೈದ್ಯರಿಗೆ ಬೇಡಿಕೆ ಹೆಚ್ಚು. 1993ರಲ್ಲಿ ಮಲಯಾಳದ ‘ಮಣಿಚಿತ್ರತ್ತಾಳ್’ನಲ್ಲಿ ಕಾಯಿಲೆ ಬಿದ್ದ ಹೆಣ್ಣುಮಗಳು 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ಬಂದಳು, ಆಮೇಲೆ ತಮಿಳು, ಬಂಗಾಳಿ, ಹಿಂದಿಗೆ ಹೋದಳು. ಹೋದಲ್ಲೆಲ್ಲ ಅದೇ ಹಳೇ ಬಂಗಲೆ, ಅದೇ ನರ್ತಕಿಯ ಕಥೆ, ಕೈಗೆ ಕತ್ತಿ ಕೊಟ್ಟು ಬೊಂಬೆ ಕಡಿಸುವ ಅದೇ ಚಿಕಿತ್ಸೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯ ಇನ್ನೂ ಬಂದಿಲ್ಲ. ಆದರೂ ‘ಆಪ್ತಮಿತ್ರ’ ಜನರ ಮನಸ್ಸಿನಲ್ಲಿ ಉಳಿಯಿತು. ಉಳಿಸಿದ್ದು ವೈದ್ಯರ ವಿವರಣೆಯಲ್ಲ. ಹೊರಗೆ ಹೋಗುವುದು ಬೇಡ ಎಂದು ಗಂಡ ಆಡಿದ ಒಂದು ಮಾಮೂಲಿ ಮಾತಿಗೆ ನಟಿ ಸೌಂದರ್ಯ ಅವರ ಕಣ್ಣು ಬದಲಾಗುತ್ತದಲ್ಲ, ಆ ಗಳಿಗೆ. ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಅದು ಅರ್ಥವಾಗಲು ಯಾವ ಡಾಕ್ಟರೂ ಬೇಕಾಗಲಿಲ್ಲ.

ಹೀರೊನ ಗಾಯ ಯಾವುದಕ್ಕೆ ಬೇಕು ಎಂಬ ಮೂಲಪ್ರಶ್ನೆಗೆ ಈಗ ಬರೋಣ. ಅದು ಹೀರೊನ ಜಾಮೀನು ಅರ್ಜಿ. ಮೊದಲರ್ಧದಲ್ಲಿ ಅವನು ಹೊಡೆದ, ಬಡಿದ, ಬೇಡವೆಂದ ಹುಡುಗಿಯನ್ನು ಕಾಲೇಜಿನಿಂದ ಬಸ್‌ಸ್ಟ್ಯಾಂಡಿನವರೆಗೆ ಹಿಂಬಾಲಿಸಿದ, ಬ್ಲೇಡಿನಲ್ಲಿ ಕೈ ಕುಯ್ದುಕೊಂಡು ಅವಳ ಹೆಸರು ಬರೆದ. ದ್ವಿತೀಯಾರ್ಧದಲ್ಲಿ ಫ್ಲ್ಯಾಷ್‌ಬ್ಯಾಕ್ ಬಂತು, ಶಾಲೆಯ ಗೇಟು ಬಂತು, ಪಿಟೀಲು ಅತ್ತಿತು, ಎಲ್ಲ ಕೇಸೂ ಖುಲಾಸೆ. ಇದನ್ನೇ ವಿಲನ್ ಮಾಡಿದ್ದರೆ ಅದು ಸೈಕೋಗಿರಿ. ಹೀರೊ ಮಾಡಿದರೆ ‘ನಿಜವಾದ ಪ್ರೀತಿ’. ರೋಗಲಕ್ಷಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಕಟೌಟಿನ ಎತ್ತರದಲ್ಲಿ.

ತಮಾಷೆಯೆಂದರೆ ಇದಕ್ಕೂ ಮನಃಶಾಸ್ತ್ರದಲ್ಲಿ ಹೆಸರಿದೆ. ಬೇರೆಯವರು ತಪ್ಪು ಮಾಡಿದರೆ ಅದು ಅವರ ಹುಟ್ಟುಗುಣ ಎಂದು ತೀರ್ಮಾನಿಸಿಬಿಡುವ, ಸಂದರ್ಭದ ಒತ್ತಡವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ನಮ್ಮೆಲ್ಲರ ಚಾಳಿಯನ್ನು 1977ರಲ್ಲಿ ಲೀ ರಾಸ್ ಎಂಬ ವಿದ್ವಾಂಸ ‘ಮೂಲಭೂತ ಗುಣಾರೋಪಣ ದೋಷ’ ಎಂದು ಕರೆದ. ನಮ್ಮವರಿಗೆ ಸಂದರ್ಭ, ಪರರಿಗೆ ಸ್ವಭಾವ. ಹೀರೊಗೆ ಫ್ಲ್ಯಾಷ್‌ಬ್ಯಾಕ್, ವಿಲನ್‌ಗೆ ವಿಕಾರ ನಗು. ಮನಃಶಾಸ್ತ್ರ ಯಾವುದನ್ನು ಮನುಷ್ಯನ ದೋಷ ಎಂದು ಪಟ್ಟಿ ಮಾಡಿತೋ ಅದನ್ನೇ ನಾವು ಚಿತ್ರಕಥೆಯ ನಿಯಮ ಮಾಡಿಕೊಂಡಿದ್ದೇವೆ. ಸಿದ್ಧಾಂತವನ್ನು ಇಷ್ಟು ಶ್ರದ್ಧೆಯಿಂದ ಜಾರಿಗೆ ತಂದ ಇನ್ನೊಂದು ಉದ್ಯಮ ಇರಲಿಕ್ಕಿಲ್ಲ.

ಹೀಗೆ ಬರೆಯುವವರಿಗೆ ಕನ್ನಡದಲ್ಲಿ ಮಾದರಿಗಳಿರಲಿಲ್ಲ ಎಂದಾದರೂ ನೆಪ ಹೇಳಬಹುದಿತ್ತು. ಅದಕ್ಕೂ ದಾರಿಯಿಲ್ಲದಂತೆ ಮಾಡಿ ಹೋಗಿದ್ದಾರೆ ತ್ರಿವೇಣಿ. ಮೈಸೂರಿನಲ್ಲಿ ಮನಃಶಾಸ್ತ್ರವನ್ನೇ ಓದಿದ ಅವರು 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲ್ 1970ರ ದಶಕದ ಮೊದಲಲ್ಲಿ ತೆರೆಗೆ ತಂದ ‘ಶರಪಂಜರ’ ಅವರದೇ ಕಾದಂಬರಿ. ಬಾಣಂತನದ ನಂತರ ಮನಸ್ಸು ಕದಡಿ ಆಸ್ಪತ್ರೆ ಸೇರಿದ ಕಾವೇರಿ ವಾಸಿಯಾಗಿ ಮನೆಗೆ ಬರುತ್ತಾಳೆ. ನಮ್ಮ ವರ್ಕ್‌ಶಾಪಿನವರಾಗಿದ್ದರೆ ಕಥೆಯನ್ನು ಅಲ್ಲಿಗೆ ಮುಗಿಸುತ್ತಿದ್ದರು: ಗಾಯ ಆಯಿತು, ಚಿಕಿತ್ಸೆ ಆಯಿತು, ಶುಭಂ. ತ್ರಿವೇಣಿಗೆ ಕಥೆ ಬಿಗಿಗೊಳ್ಳುವುದೇ ಆಮೇಲೆ. ಕಾವೇರಿ ವಾಸಿಯಾಗಿದ್ದಾಳೆ, ಮನೆಯವರ ಕಣ್ಣು ವಾಸಿಯಾಗಿಲ್ಲ. ಅವಳು ನಕ್ಕರೆ ಅನುಮಾನ, ಸುಮ್ಮನಿದ್ದರೆ ಇನ್ನೂ ಅನುಮಾನ. ಅತ್ತ ಗಂಡ ಇನ್ನೊಬ್ಬಳ ಸಂಗದಲ್ಲಿದ್ದಾನೆ. ಅವನಿಗೆ ಮಾತ್ರ ಯಾರೂ ಯಾವ ಕಾಯಿಲೆಯ ಹೆಸರನ್ನೂ ಇಟ್ಟಿಲ್ಲ. ಕಾಯಿಲೆಯಿಂದ ಎದ್ದವಳು ಹಣೆಪಟ್ಟಿಯ ಕೆಳಗೆ ಮತ್ತೆ ಕುಸಿಯುತ್ತಾಳೆ. ಇಲ್ಲಿ ಮನಃಶಾಸ್ತ್ರ ಡಾಕ್ಟರ ಬಾಯಲ್ಲಿಲ್ಲ, ಕಥೆ ನೋಡುವ ಕಣ್ಣಿನಲ್ಲಿದೆ. ಆ ಕಣ್ಣು ರೋಗಿಯನ್ನು ಬಿಟ್ಟು ‘ನೆಟ್ಟಗಿರುವ’ ಮನೆಯವರತ್ತ ತಿರುಗುತ್ತದೆ. ಸುಮಾರು ಹತ್ತು ವರ್ಷದ ನಂತರ ‘ಮಾನಸ ಸರೋವರ’ದಲ್ಲಿ ಪುಟ್ಟಣ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಲ್ಲರ ಮನಸ್ಸು ರಿಪೇರಿ ಮಾಡುವ ಮನೋವೈದ್ಯ ಅಲ್ಲಿ ರೋಗಿಯನ್ನೇ ಪ್ರೀತಿಸಿ ತಾನೇ ಹುಚ್ಚನಾಗುತ್ತಾನೆ. ಥಿಯರಿ ಬಾಯಿಪಾಠ ಇದ್ದವನೂ ಬಚಾವಾಗಲಿಲ್ಲ.

ಆಗಿನ ಸಿನಿಮಾದಲ್ಲಿ ಮನಸ್ಸು ಇದ್ದದ್ದು ಹೆಂಗಸರಿಗೆ ಎಂಬುದನ್ನೂ ಗಮನಿಸಿ. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳಿಂದ ಬಂದ ಆ ನಾಯಕಿಯರ ಎದುರು ಹೀರೊಗಳು ಸೂಟು ಹಾಕಿಕೊಂಡು ನಿಂತಿರುತ್ತಿದ್ದರು. ಈಗ ಹೀರೊನ ಅಂತರಂಗಕ್ಕೆ ಇಡೀ ಫೈಲು, ಹೀರೊಯಿನ್ನಿಗೆ ‘ಬಬ್ಲಿ’ ಎಂಬ ಒಂದು ಪದ. ಎರಡು ಹಾಡು, ಒಂದು ತಮಾಷೆ ಸೀನು, ಕ್ಲೈಮ್ಯಾಕ್ಸಿನಲ್ಲಿ ಒಂದು ಕಿರುಚಾಟ. ಅವಳಿಗೂ ಒಂದು ಬಾಲ್ಯ ಇತ್ತೇ, ಅವಳನ್ನು ಶಾಲೆಯಿಂದ ಯಾರಾದರೂ ಕರೆದುಕೊಂಡು ಬರುತ್ತಿದ್ದರೇ ಎಂದು ಯಾವ ಫ್ಲ್ಯಾಷ್‌ಬ್ಯಾಕೂ ಕೇಳುವುದಿಲ್ಲ.

ಇನ್ನೊಬ್ಬರ ನೆನಪು ಮಾಡಿಕೊಳ್ಳಬೇಕು. ಡಾ. ಎಂ. ಶಿವರಾಂ, ನಮ್ಮ ರಾಶಿ. 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆ ಹುಟ್ಟುಹಾಕಿದವರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಪುಸ್ತಕ ‘ಮನಮಂಥನ’, ಮನಸ್ಸಿನ ಕಾಯಿಲೆಗಳನ್ನು ಕುರಿತದ್ದು. ಜನರನ್ನು ನಗಿಸುವ ಕೆಲಸ ಮತ್ತು ಮನಸ್ಸನ್ನು ಅರಿಯುವ ಕೆಲಸ ಎರಡನ್ನೂ ಒಬ್ಬರೇ ಮಾಡಬಲ್ಲರು ಎಂಬುದಕ್ಕೆ ಅವರೇ ಸಾಕ್ಷಿ. ನಮ್ಮ ಈಗಿನ ಗಾಯಗೊಂಡ ಹೀರೊಗಳನ್ನು ನೋಡಿ, ಒಬ್ಬನಿಗಾದರೂ ತನ್ನನ್ನು ನೋಡಿ ನಗಲು ಬರುತ್ತದೆಯೇ? ನಗುವುದಕ್ಕೆಂದು ಪಕ್ಕದಲ್ಲಿ ಒಬ್ಬ ಕಾಮಿಡಿಯನ್ನನ್ನು ಸಂಬಳ ಕೊಟ್ಟು ಇಟ್ಟಿರುತ್ತಾರೆ.

ಆದ್ದರಿಂದ ಚಿತ್ರಕಥೆಗಾರರು ಮನಃಶಾಸ್ತ್ರ ಓದಬಾರದು ಎಂದು ಯಾರೂ ಹೇಳುತ್ತಿಲ್ಲ. ಸ್ಲೈಡ್ ಬಿಟ್ಟು ಪುಸ್ತಕ ಓದಲಿ, ಪುಸ್ತಕದಲ್ಲಿ ಕಾಯಿಲೆಯ ಹೆಸರು ಬಿಟ್ಟು ಮನುಷ್ಯರು ಮಾಡುವುದನ್ನು ಓದಲಿ. ಓದಿದ್ದು ಸರಿಯಾಗಿ ತಲೆಗೆ ಇಳಿದಿದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆಯೂ ಇದೆ. ಮುಂದಿನ ಡಿಸ್ಕಷನ್ನಿನಲ್ಲಿ ಹೀರೊನ ಗಾಯವನ್ನು ತೆಗೆದು ವಿಲನ್‌ಗೆ ಕೊಡಿ, ವಿಲನ್‌ನ ಕಾಯಿಲೆಯನ್ನು ಹೀರೊಗೆ ಅಂಟಿಸಿ, ಹೀರೊಯಿನ್ನಿಗೆ ಇಬ್ಬರ ಬಗ್ಗೆಯೂ ಒಂದು ಅಭಿಪ್ರಾಯ ಇರಲು ಬಿಡಿ. ಕಥೆ ಕುಸಿದು ಬಿದ್ದರೆ ನಿಮ್ಮ ಬಳಿ ಪಾತ್ರಗಳಿವೆ ಎಂದು ಅರ್ಥ, ಧೈರ್ಯವಾಗಿ ಬರೆಯಿರಿ. ಏನೂ ವ್ಯತ್ಯಾಸವಾಗದೆ ಕಥೆ ಮೊದಲಿನಂತೆಯೇ ಸಲೀಸಾಗಿ ಓಡಿದರೆ ನಿಮ್ಮ ಬಳಿ ಇರುವುದು ಬರೀ ಹಣೆಪಟ್ಟಿಗಳು. ಚಿಂತೆಯಿಲ್ಲ, ಶೂಟಿಂಗ್ ಶುರು ಮಾಡಿ. ಸಂಭಾವನೆಯ ಚೆಕ್ಕನ್ನು ಮಾತ್ರ ಅದಲುಬದಲು ಮಾಡಬೇಡಿ. ಆಗ ಹೀರೊಗೆ ಆಗುವ ಗಾಯ ನಿಜವಾದದ್ದು, ಅದನ್ನು ವಾಸಿ ಮಾಡುವ ಥಿಯರಿ ಇನ್ನೂ ಬಂದಿಲ್ಲ.